ಹಿಂದಿನ ಗಲ್ಲಿಯಿಂದ ಸರ್ವಿಸ್ ಲಿಫ್ಟಿನವರೆಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ಹಾಗೂ ಬಡಾವಣೆ ನಿವಾಸಿಗಳ ಸಂಘಗಳ ಪದಾಧಿಕಾರಿಗಳಿಗೆ,



ಒಂದು ಹಳೇ ಕುಕ್ಕರ್ ನಿಮ್ಮ ಗೇಟು ದಾಟಲು ಎಷ್ಟು ಹೊತ್ತು ಬೇಕು ಗೊತ್ತೆ? ಮನೆಯವರು ಹೊಸದು ಕೊಂಡರು, ಹಿಡಿ ಸಡಿಲವಾದ ಹಳೆಯದನ್ನು ಮನೆಕೆಲಸದಾಕೆಗೆ ಕೊಟ್ಟರು. ಆಕೆ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಸರ್ವಿಸ್ ಲಿಫ್ಟಿನಲ್ಲಿ ಇಳಿದು ಬಂದರೆ ಸೆಕ್ಯುರಿಟಿಯವನು ಚೀಲ ತೆಗೆಸುತ್ತಾನೆ. ಕುಕ್ಕರಿಗೆ ಗೇಟ್ ಪಾಸ್ ಇಲ್ಲ. ಮನೆಯವರು ಆ್ಯಪ್‌ನಲ್ಲಿ ಒಪ್ಪಿಗೆ ಒತ್ತಬೇಕು. ಅವರೋ ಆಫೀಸಿನ ಕಾಲ್‌ನಲ್ಲಿದ್ದಾರೆ. ಇಂಟರ್‌ಕಾಮ್ ಎತ್ತುತ್ತಿಲ್ಲ. 'ಸ್ವಲ್ಪ ಆ ಕಡೆ ನಿಂತ್ಕೊಳಮ್ಮ, ಗಾಡಿ ಬರ್ತಿದೆ' ಅನ್ನುತ್ತಾನೆ ಅವನು. ಆ ಕಡೆ ನಿಲ್ಲಲು ನೆರಳಿಲ್ಲ. ಮುಂದಿನ ಮನೆಯ ಪಾತ್ರೆಗಳು ಇನ್ನೊಂದು ಗೇಟಿನಾಚೆ ಸಿಂಕಿನಲ್ಲಿ ಕಾಯುತ್ತಿವೆ. ಅವನೇನೂ ಕೆಟ್ಟವನಲ್ಲ. ಹನ್ನೆರಡು ಗಂಟೆಯ ಪಾಳಿ ಅವನದು. ಚೀಲ ನೋಡದೆ ಬಿಟ್ಟರೆ ದಂಡ ಬೀಳುವುದು ಅವನ ಸಂಬಳಕ್ಕೆ. ಅದೇ ಹೊತ್ತಿಗೆ ಒಂದು ಕಾರು ಡಿಕ್ಕಿ ತೆರೆಯದೆಯೇ ಹೊರಗೆ ಹೋಗುತ್ತದೆ. ಅದರೊಳಗೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ.

ಇಂಥದ್ದನ್ನೆಲ್ಲ ಹಿಡಿದು ಪತ್ರ ಬರೆಯಬೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಊರಿನ ಅಸಮಾನತೆ ಅಂದರೆ ಸರ್ಕಾರದ ಪಾಡು, ಬಜೆಟ್ಟಿನ ಪಾಡು ಎಂದು ನಂಬಿದವರೇ ಹೆಚ್ಚು. ಹಾಗಿದ್ದರೆ ಈ ಪತ್ರ ವಿಧಾನಸೌಧಕ್ಕೆ ಹೋಗಬೇಕಿತ್ತು. ಅದು ನಿಮ್ಮ ವಿಳಾಸಕ್ಕೆ ಬಂದಿರುವುದಕ್ಕೆ ಕಾರಣವಿದೆ: ಈ ಊರಿನಲ್ಲಿ ಸರ್ಕಾರದ ಕಿವಿ ಹಿಡಿದು ಕೆಲಸ ಮಾಡಿಸಿಕೊಳ್ಳಬಲ್ಲ ಕೆಲವೇ ಗುಂಪುಗಳಲ್ಲಿ ನಿಮ್ಮದೂ ಒಂದು.

ಇದು ಮುಖಸ್ತುತಿಯಲ್ಲ, ನಡೆದ ಸಂಗತಿ. 2016ರ ಅಕ್ಟೋಬರ್ 16ರಂದು ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆಗಿನ ರಸ್ತೆಯಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ನಿಂತು ಸ್ಟೀಲ್ ಫ್ಲೈಓವರ್ ಬೇಡ ಅಂದರು. ಸುಮಾರು 1,800 ಕೋಟಿ ರೂಪಾಯಿಯ ಯೋಜನೆ ಅದು. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಮಂಡೂರಿನ ಕತೆಯೂ ಹಾಗೆಯೇ. ನಗರದ ಕಸವೆಲ್ಲ ತಮ್ಮ ಊರಿಗೆ ಬಂದು ಬೀಳುವುದನ್ನು ಸಹಿಸಲಾರದೆ ಅಲ್ಲಿನ ಜನ ರಸ್ತೆಗಿಳಿದಾಗ, ಮನೆಯಲ್ಲೇ ಹಸಿ ಕಸ ಒಣ ಕಸ ಬೇರೆ ಮಾಡುವುದನ್ನು ಮೊದಲು ಕಲಿತು, ಉಳಿದವರಿಗೆ ಕಲಿಸಿ, ಹೈಕೋರ್ಟಿನವರೆಗೂ ಹೋದವರಲ್ಲಿ ನಿಮ್ಮ ಸಂಘಗಳ ಗೃಹಿಣಿಯರು, ನಿವೃತ್ತರು ಇದ್ದರು. 2014ರ ಡಿಸೆಂಬರ್‌ನಿಂದ ಮಂಡೂರಿಗೆ ಲಾರಿ ಹೋಗುವುದು ನಿಂತಿತು. ಪುಟ್ಟೇನಹಳ್ಳಿ ಕೆರೆ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮತ್ತೆ ಜೀವ ಪಡೆದದ್ದರ ಹಿಂದೆಯೂ ಸುತ್ತಲಿನ ನಿವಾಸಿಗಳ ಬೆವರಿದೆ.

ಹೀಗೆ ಕೈಗೂಡಿದ ಬಲ ಯಾವಾಗ ಯಾರಿಗಾಗಿ ಎದ್ದು ನಿಲ್ಲುತ್ತದೆ, ಯಾವಾಗ ಸುಮ್ಮನಿರುತ್ತದೆ ಎನ್ನುವುದೇ ಇಲ್ಲಿನ ವಿಷಯ.

ಸುಮ್ಮನಿದ್ದದ್ದಕ್ಕೆ ಒಂದು ಉದಾಹರಣೆ ಬಿಬಿಎಂಪಿ, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. ಅದರ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕಾಲ. ಐದು ವರ್ಷ ಕಳೆದು 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಇಲ್ಲವಾಗಿ ಐದು ನಗರ ಪಾಲಿಕೆಗಳು ಹುಟ್ಟುವ ಹೊತ್ತಿಗೂ ಒಂದು ಚುನಾವಣೆ ಆಗಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದರಿಂದ ಅಂಥ ತೊಂದರೆಯೇನೂ ಕಾಣಲಿಲ್ಲ. ಕಾರ್ಪೊರೇಟರ್ ಇಲ್ಲದಿದ್ದರೆ ಕಾಟವೇ ಇಲ್ಲ ಎಂದು ಕೆಲವರು ಸಮಾಧಾನಪಟ್ಟದ್ದೂ ಉಂಟು. ವಾರ್ಡ್ ಎಂಜಿನಿಯರ್ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ಗುಂಡಿಯ ಫೋಟೊ ಹಾಕಿ ಟ್ಯಾಗ್ ಮಾಡಿದರೆ ಸಂಜೆಯೊಳಗೆ ಉತ್ತರ ಬರುತ್ತದೆ. ಸಂಘದಲ್ಲಿ ಒಬ್ಬರಾದರೂ ನಿವೃತ್ತ ಅಧಿಕಾರಿ ಇರುತ್ತಾರೆ, ಅವರ ಒಂದು ಫೋನು ಸಾಕು.

ಇದೇ ವಾರ್ಡಿನ ಇನ್ನೊಂದು ತುದಿಯಲ್ಲಿ, ಶೀಟಿನ ಮನೆಗಳ ಸಾಲಿನಲ್ಲಿ, ಸರ್ಕಾರವೆಂದರೆ ಕಾರ್ಪೊರೇಟರ್ ಮನೆಯ ಕಾಂಪೌಂಡು. ಬೆಳಿಗ್ಗೆ ಏಳಕ್ಕೆ ಅಲ್ಲಿ ಹೋಗಿ ನಿಂತರೆ ರೇಷನ್ ಕಾರ್ಡಿನ ಹೆಸರು ತಪ್ಪಾಗಿರುವುದು, ನಲ್ಲಿಯಲ್ಲಿ ಮೋರಿ ನೀರು ಬರುತ್ತಿರುವುದು, ಮಗನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿರುವುದು, ಎಲ್ಲವನ್ನೂ ಹೇಳಬಹುದಿತ್ತು. ಅವನು ಭ್ರಷ್ಟನೋ ಮುಂಗೋಪಿಯೋ ಏನೇ ಇರಲಿ, ಐದು ವರ್ಷಕ್ಕೊಮ್ಮೆ ಅವನಿಗೆ ಆ ಶೀಟಿನ ಮನೆಗಳ ವೋಟು ಬೇಕಿತ್ತು. ನಿಮ್ಮಲ್ಲಿ ಬಹಳ ಮಂದಿ ವೋಟು ಹಾಕುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಆ ಕಾಂಪೌಂಡಿಗೆ ಬೀಗ ಬಿದ್ದ ಮೇಲೆ ಅವರು ಹೋಗಿ ನಿಲ್ಲಲು ಜಾಗವಿಲ್ಲದಂತಾಯಿತು. ಹೇಳಿಕೊಳ್ಳುವ ದಾರಿ ಒಬ್ಬರಿಗೆ ಉಳಿದು ಇನ್ನೊಬ್ಬರಿಗೆ ಮುಚ್ಚಿಹೋದ ಐದು ವರ್ಷಗಳಲ್ಲಿ ಯಾರ ರಸ್ತೆಗೆ ಡಾಂಬರು ಬಿತ್ತು, ಯಾರ ಮೋರಿ ಹಾಗೇ ಉಳಿಯಿತು ಎಂದು ನೋಡಲು ಆರ್‌ಟಿಐ ಅರ್ಜಿಯೇನೂ ಬೇಡ; ಸಂಜೆ ಒಂದು ಸುತ್ತು ನಡೆದು ಬಂದರೆ ಸಾಕು.

ಬೆಂಗಳೂರಿನಲ್ಲಿ ಈ ಹಿಂಬಾಗಿಲಿನ ಲೆಕ್ಕಾಚಾರ ಇವತ್ತಿನದಲ್ಲ. 1898ರಲ್ಲಿ ಪ್ಲೇಗ್ ಬಡಿದು ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದಾಗ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ, ಬೆಳಕು, ಅಗಲ ರಸ್ತೆ, ಮನೆ ಮುಂದೆ ಹೂವಿನ ಗಿಡ. ನಿವೇಶನ ಹಂಚುವಾಗ ಜಾತಿಗೊಂದು ಸಾಲು. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನ ಹಿಂದೆ ಇಂದಿಗೂ ಒಂದು ಕಿರಿದಾದ ಗಲ್ಲಿ ಕಾಣುತ್ತದೆ. ಕನ್ಸರ್ವೆನ್ಸಿ ಲೇನ್ ಎಂದು ಅದರ ಹೆಸರು. ಮಲ ಹೊರುವವರು ಮನೆಯ ಮುಂದೆ ಬರಬಾರದು, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಬೇಕು ಎಂದು ನಕ್ಷೆಯಲ್ಲೇ ಗೆರೆ ಎಳೆದು ಬಿಟ್ಟ ಜಾಗ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಕಾಲದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕನ್ನು ಅಧ್ಯಯನ ಮಾಡಿ 1976ರಲ್ಲಿ ವರದಿ ಕೊಟ್ಟಿತು. ಗಲ್ಲಿ ಮಾತ್ರ ಉಳಿಯಿತು. ಈಚೆಗೆ ಮಲ್ಲೇಶ್ವರದಲ್ಲಿ ಅಂಥ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು ಚೆಂದ ಮಾಡಿದ್ದಾರೆ. ಒಳ್ಳೆಯ ಕೆಲಸವೇ. ಆ ಗೋಡೆಯ ಮೇಲೆ ಒಂದು ಸಣ್ಣ ಫಲಕ, ಈ ಗಲ್ಲಿ ಯಾಕೆ ಇತ್ತು ಎಂದು ಹೇಳುವಂಥದ್ದು, ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹೊಸ ಕಟ್ಟಡಗಳಲ್ಲಿ ಗಲ್ಲಿಗೆ ಜಾಗವಿಲ್ಲ. ನೆಲದ ಬೆಲೆ ಹಾಗಿದೆ. ಆದ್ದರಿಂದ ಅದು ಎದ್ದು ನಿಂತು ಲಿಫ್ಟ್ ಆಗಿದೆ.

ಸರ್ವಿಸ್ ಲಿಫ್ಟ್ ಇರುವುದು ಸೋಫಾ, ಫ್ರಿಜ್ಜು, ಗ್ಯಾಸ್ ಸಿಲಿಂಡರ್ ಸಾಗಿಸಲು; ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಕೈಯಲ್ಲಿ ಏನೂ ಇಲ್ಲದ ಅಡುಗೆಯಾಕೆ ಆ ಲಿಫ್ಟಿಗೇ ಕಾಯಬೇಕು, ಎದುರಿಗೆ ಖಾಲಿ ನಿಂತ ಇನ್ನೊಂದಕ್ಕೆ ಕಾಲಿಡಕೂಡದು ಎನ್ನುವುದಕ್ಕೆ ಸಾಮಾನಿನ ತೂಕ ಕಾರಣವಲ್ಲ. ಆಕೆ ತನ್ನ ಕೈಯಿಂದ ಲಟ್ಟಿಸಿದ ಚಪಾತಿಯನ್ನು ಮೇಲೆ ಎಲ್ಲರೂ ತಿನ್ನುತ್ತಾರೆ. 2023ರಲ್ಲಿ ಇದೇ ಊರಿನ ಒಂದು ಅಪಾರ್ಟ್‌ಮೆಂಟಿನ ಸೂಚನಾಪತ್ರ ಸುದ್ದಿಯಾಗಿತ್ತು. ಕೆಲಸದವರು ಬಿಡುವಿನಲ್ಲಿ ಪಾರ್ಕು, ಲಾಬಿಗಳಲ್ಲಿ ಕೂರುವುದರಿಂದ ನಿವಾಸಿಗಳಿಗೆ ಮುಜುಗರವಾಗುತ್ತದೆ ಎಂಬ ಧಾಟಿಯದು. ಒಂದು ಮನೆ ಮುಗಿಸಿ ಇನ್ನೊಂದು ಮನೆಗೆ ಹೋಗುವ ನಡುವಿನ ಮುಕ್ಕಾಲು ಗಂಟೆಯಲ್ಲಿ ಆಕೆ ಎಲ್ಲಿ ಕೂರಬೇಕು, ಶೌಚಕ್ಕೆ ಎಲ್ಲಿಗೆ ಹೋಗಬೇಕು ಎಂದು ಅದರಲ್ಲಿ ಬರೆದಿರಲಿಲ್ಲ.

ಗೇಟಿನ ಆಚೆಗೂ ಇದೇ ತಕರಾರು ನಡೆಯುತ್ತದೆ. ನಗರದ ಪಾರ್ಕುಗಳಿಗೆ ಬಹಳ ವರ್ಷ ಬೆಳಗಿನ ವಾಯುವಿಹಾರ ಮುಗಿದ ಮೇಲೆ ಬೀಗ ಬೀಳುತ್ತಿತ್ತು. ಮತ್ತೆ ತೆಗೆಯುತ್ತಿದ್ದದ್ದು ಸಂಜೆ. ಅಂದರೆ ನೆರಳಿನ ಅಗತ್ಯ ಇಲ್ಲದ ಹೊತ್ತಿನಲ್ಲಿ ನೆರಳು ತೆರೆದಿರುತ್ತಿತ್ತು, ನೆತ್ತಿ ಸುಡುವಾಗ ಮುಚ್ಚಿರುತ್ತಿತ್ತು. ತಳ್ಳುಗಾಡಿಯವನು, ಪೌರಕಾರ್ಮಿಕ ಹೆಂಗಸರು, ಆರ್ಡರಿಗೆ ಕಾಯುವ ಡೆಲಿವರಿ ಹುಡುಗರು ಬೇಲಿಯ ಹೊರಗೆ, ಫುಟ್‌ಪಾತಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದರು; ಒಳಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚು ಖಾಲಿ. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ಆದೇಶ ಬಂತು. ಒಂದು ರೂಪಾಯಿ ಖರ್ಚಿಲ್ಲದ, ಬೀಗದ ಕೈ ತಿರುಗಿಸಿದರೆ ಮುಗಿಯುವ ಸುಧಾರಣೆ ಅದು. ನಿಮ್ಮ ಬಡಾವಣೆಯ ಪಾರ್ಕು ಮಧ್ಯಾಹ್ನ ಎರಡು ಗಂಟೆಗೆ ತೆರೆದಿರುತ್ತದೆಯೇ? ಇಲ್ಲವಾದರೆ ಬೀಗದ ಕೈ ಯಾರ ಹತ್ತಿರ ಇದೆ? ಹಲವು ಕಡೆ ಅದು ಸಂಘದ ಕಾರ್ಯದರ್ಶಿಯ ಮನೆಯಲ್ಲೇ ಇರುತ್ತದೆ.

ಕೆರೆಗಳ ವಿಚಾರದಲ್ಲೂ ಇಂಥದ್ದೇ ಒಂದು ಪ್ರಶ್ನೆಯಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು ಬೆಂಗಳೂರಿನ ಕೆರೆಗಳ ಬಗ್ಗೆ ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ತೋರಿಸಿಕೊಟ್ಟಂತೆ, ಕೆರೆ ಅಂದರೆ ಹಿಂದೆ ದನ ತೊಳೆಯುವವರು, ಮಡಿವಾಳರು, ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರು, ಎಲ್ಲರ ಜಾಗ. ಪುನರುಜ್ಜೀವನದ ಹೆಸರಿನಲ್ಲಿ ಬೇಲಿ, ನಡೆದಾಡುವ ದಾರಿ, ಟಿಕೆಟ್ಟು ಬಂದಾಗ ಅವರು ಹೊರಬಿದ್ದರು. ಕೈಕೊಂಡ್ರಹಳ್ಳಿಯಲ್ಲಿ ಹುಲ್ಲು ಕೊಯ್ಯುವವರಿಗೆ ಜಾಗ ಉಳಿಯಿತು. ಅದರಿಂದ ಅಲ್ಲಿಗೆ ಬರುವ ಹಕ್ಕಿಗಳೇನೂ ಕಡಿಮೆಯಾಗಲಿಲ್ಲ.

ಇನ್ನು ನೀರು. ಇದರ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾವೇರಿ ಈ ಊರಿಗೆ ಬಂದದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ, ಹಂತ ಹಂತವಾಗಿ ಪಂಪು ಮಾಡಿ ತರುವ ನೀರು. ವಿದ್ಯುತ್ತಿನ ಬಿಲ್ಲೇ ಜಲಮಂಡಳಿಯ ದೊಡ್ಡ ಖರ್ಚು. ಇಷ್ಟು ದುಬಾರಿಯ ನೀರು 2014ರಿಂದ 2025ರ ಏಪ್ರಿಲ್‌ವರೆಗೆ, ಮೊದಲ ಎಂಟು ಸಾವಿರ ಲೀಟರಿನವರೆಗೆ, ಸಾವಿರ ಲೀಟರಿಗೆ 7 ರೂಪಾಯಿಯಂತೆ ಸಿಗುತ್ತಿತ್ತು. ಯಾರಿಗೆ? ಕಾವೇರಿ ಕನೆಕ್ಷನ್ ಇದ್ದವರಿಗೆ. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ 77.5 ಕೋಟಿ ಲೀಟರ್ ನೀರಿಗೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ ಅಲ್ಲಿನವರು ಬೋರ್‌ವೆಲ್ಲು, ಟ್ಯಾಂಕರ್, ನಾಣ್ಯ ಹಾಕಿದರೆ ನೀರು ಕೊಡುವ ಘಟಕ, ಇವುಗಳಲ್ಲೇ ಕಾಲ ಹಾಕಿದರು.

ಆ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಒಂದು ಕ್ಯಾನು ತುಂಬುತ್ತಿತ್ತು. ಸಾವಿರ ಲೀಟರಿಗೆ ಐವತ್ತು ಕ್ಯಾನು, 250 ರೂಪಾಯಿ. ಕುಡಿಯುವ ನೀರನ್ನು ಬಳಸುವ ನೀರಿಗೆ ಹೋಲಿಸುವುದು ತಪ್ಪು ಎನ್ನಬಹುದು. ಆಗಲಿ, ಟ್ಯಾಂಕರನ್ನೇ ತೆಗೆದುಕೊಳ್ಳಿ. 2024ರ ಮಾರ್ಚ್‌ನಲ್ಲಿ, ನಗರದ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್ಲುಗಳಲ್ಲಿ ಅರ್ಧದಷ್ಟು ಬತ್ತಿದಾಗ, ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು: ಐದು ಕಿಲೋಮೀಟರಿನ ಒಳಗೆ 6 ಸಾವಿರ ಲೀಟರಿಗೆ 600 ರೂಪಾಯಿ, 12 ಸಾವಿರ ಲೀಟರಿಗೆ 1,000 ರೂಪಾಯಿ. ಸಣ್ಣ ಟ್ಯಾಂಕರಿನ ನೀರು ಸಾವಿರ ಲೀಟರಿಗೆ ನೂರು ರೂಪಾಯಿ ಬಿದ್ದರೆ ದೊಡ್ಡದರಲ್ಲಿ ಎಂಬತ್ಮೂರು. ದೊಡ್ಡ ಸಂಪು ಇರುವ ಅಪಾರ್ಟ್‌ಮೆಂಟಿಗೆ ಅಗ್ಗ. ಪ್ಲಾಸ್ಟಿಕ್ ಡ್ರಮ್ಮು ಇಟ್ಟುಕೊಂಡ ಶೆಡ್ಡಿಗೆ ಆ ಸಣ್ಣ ಟ್ಯಾಂಕರೂ ದೊಡ್ಡದೇ. ಅಲ್ಲಿ ನೀರು ಬರುವುದು ಬಿಂದಿಗೆ ಲೆಕ್ಕದಲ್ಲಿ. ಅತಿ ಬಡವರು ಅತಿ ಹೆಚ್ಚು ಬೆಲೆ ಕೊಟ್ಟು ನೀರು ಕೊಳ್ಳುವ ಊರು ನಮ್ಮದು, ಸರ್ಕಾರವೇ ಗೊತ್ತುಮಾಡಿದ ದರದ ಪ್ರಕಾರ. ಅದೇ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ, ತೋಟಕ್ಕೆ ಹಾಕಿದವರಿಗೆ 5 ಸಾವಿರ ರೂಪಾಯಿ ದಂಡ ಹಾಕಲು ಶುರುಮಾಡಿದರು. ದಂಡ ಹಾಕುವ ಮುನ್ನ ಅಷ್ಟು ವರ್ಷ ಕಾರುಗಳು ಯಾವ ನೀರಿನಲ್ಲಿ ಹೊಳೆಯುತ್ತಿದ್ದವು ಎಂದು ಹೇಳಬೇಕಾಗಿಲ್ಲ.

ನಿಮ್ಮ ಸಂಘಗಳು ಆ ಬೇಸಿಗೆಯಲ್ಲಿ ನೀರಿಗಾಗಿ ಜಲಮಂಡಳಿಯ ಮುಂದೆ ಕೂತದ್ದು ಸರಿಯೇ. ನಿಮ್ಮ ಮನವಿಯಲ್ಲಿ ಕಾಂಪೌಂಡಿಗೆ ಒರಗಿಕೊಂಡಿರುವ ಶೆಡ್ಡುಗಳ ನೀರಿನ ಮಾತು ಒಂದು ಸಾಲಾದರೂ ಇತ್ತೆ? ಒಂದು ಸಾರ್ವಜನಿಕ ನಲ್ಲಿ ಕೇಳಿದ್ದರೆ ನಿಮ್ಮ ಪಾಲಿನ ನೀರು ಕಡಿಮೆಯಾಗುತ್ತಿರಲಿಲ್ಲ. ಕೇಳಿದವರು ನೀವು ಎಂಬ ಕಾರಣಕ್ಕೆ ಅದು ಬರುವ ಸಾಧ್ಯತೆ ಹೆಚ್ಚಿತ್ತು. ಅಳದಿದ್ದರೆ ತಾಯಿಯೂ ಹಾಲು ಕುಡಿಸುವುದಿಲ್ಲ ಅನ್ನುತ್ತಾರೆ. ನಮ್ಮ ಕಚೇರಿಗಳಲ್ಲಂತೂ ಅಳುವುದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕೊಡಬೇಕು.

ಶೆಡ್ಡುಗಳ ಮಾತು ಬಂದಾಗ ಈಜಿಪುರವನ್ನು ನೆನೆಯದೆ ಇರಲಾಗದು. ಕೋರಮಂಗಲದ ಪಕ್ಕದಲ್ಲೇ ಪಾಲಿಕೆ ಬಡವರಿಗಾಗಿ ಕಟ್ಟಿದ ಕ್ವಾರ್ಟರ್ಸ್ ಅದು. ಕಟ್ಟಿದ ಗುಣಮಟ್ಟ ಎಂಥದ್ದೆಂದರೆ ಕೆಲವೇ ವರ್ಷಗಳಲ್ಲಿ ಒಂದೊಂದೇ ಬ್ಲಾಕು ಕುಸಿಯಿತು. ಹೊಸದಾಗಿ ಕಟ್ಟಿಕೊಡುತ್ತೇವೆ ಎಂದು ಶುರುವಾದ ಮಾತು ಕೊನೆಗೆ ಆ ಜಾಗದ ಒಂದು ಭಾಗದಲ್ಲಿ ಮಾಲ್ ಬರುವ ಒಪ್ಪಂದಕ್ಕೆ ತಿರುಗಿತು. 2013ರ ಜನವರಿಯ ಚಳಿಯಲ್ಲಿ 1,500ರಷ್ಟು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ದಲಿತರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಬೀದಿ ಗುಡಿಸುವವರು, ಆಟೊ ಓಡಿಸುವವರು. ಬದಲಿ ಜಾಗ ಎಂದು ತೋರಿಸಿದ್ದು ಸರ್ಜಾಪುರ ರಸ್ತೆಯ ಆಚೆಯ ಸೂಲಿಕುಂಟೆ. ಅಲ್ಲಿಂದ ಕೆಲಸಕ್ಕೆ ಬರುವುದು ಹೇಗೆ, ಮಕ್ಕಳ ಶಾಲೆ ಏನು? ಹಲವು ಕುಟುಂಬಗಳು ವರ್ಷಗಟ್ಟಲೆ ಆ ಜಾಗದ ಬೇಲಿಗೆ ಟಾರ್ಪಾಲು ಕಟ್ಟಿಕೊಂಡು ಫುಟ್‌ಪಾತಿನ ಮೇಲೇ ಬದುಕಿದವು. ಸ್ಟೀಲ್ ಫ್ಲೈಓವರಿಗೆ ಕಟ್ಟಿದಂಥ ಮಾನವ ಸರಪಳಿ ಆ ಬೇಲಿಯ ಸುತ್ತ ಕಾಣಲಿಲ್ಲ. ಹೋರಾಟಗಾರರು, ವಿದ್ಯಾರ್ಥಿಗಳು, ಕೆಲವು ವಕೀಲರು ಇದ್ದರು, ಅಷ್ಟೆ.

ಏಳು ವರ್ಷ ಬಿಟ್ಟು 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ. ಬಾಂಗ್ಲಾದೇಶದವರು ಎಂಬ ಗುಮಾನಿಯ ಮೇಲೆ ನೂರಾರು ಶೆಡ್ಡು ನೆಲಸಮ. ಶೆಡ್ಡಿನೊಳಗಿನಿಂದ ಟ್ರಂಕು ಹೊತ್ತು ಹೊರಬಂದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಕೈಯಲ್ಲಿ ಆಧಾರ್, ವೋಟರ್ ಐಡಿ, ಬಾಯಲ್ಲಿ ನಿಮ್ಮದಕ್ಕಿಂತ ಗಟ್ಟಿ ಕನ್ನಡ. ಆ ನೆಲಸಮ ಕಾನೂನುಬಾಹಿರ ಎಂದು ಹೈಕೋರ್ಟ್ ಆಮೇಲೆ ಹೇಳಿತು. ಹಾಗೆ ಹೇಳುವ ಹೊತ್ತಿಗೆ ಅವರು ಚದುರಿ ಹೋಗಿದ್ದರು. ಬಿಸಿಲೂರುಗಳಿಂದ ಬಂದು ಐಟಿ ಪಾರ್ಕುಗಳ ಬುನಾದಿ ತೋಡಿದವರಿಗೆ ಇಪ್ಪತ್ತು ವರ್ಷವಾದರೂ ನೀಲಿ ಟಾರ್ಪಾಲು ತಪ್ಪದಿರುವುದು ಕನ್ನಡದ ಹೆಸರಿನಲ್ಲಿ ಕೂಗುವವರಿಗೂ ಯಾಕೋ ದೊಡ್ಡ ವಿಷಯವಾಗುವುದಿಲ್ಲ. ಒಡಿಶಾ 2017ರಲ್ಲಿ ಕಾಯ್ದೆಯನ್ನೇ ತಂದು ಸ್ಲಂ ನಿವಾಸಿಗಳಿಗೆ ಅವರು ನಿಂತ ನೆಲದ ಹಕ್ಕುಪತ್ರ ಹಂಚತೊಡಗಿತು. ಅದು ನಮಗಿಂತ ಶ್ರೀಮಂತ ರಾಜ್ಯವೇನಲ್ಲ.

ಮತ್ತೆ 2020ರದ್ದೇ ಮೇ ತಿಂಗಳು. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರಿಗೆ ಊರಿಗೆ ಹೋಗಲು ಶ್ರಮಿಕ್ ರೈಲು ಹೊರಟಿತ್ತು. ಕಟ್ಟಡ ನಿರ್ಮಾಪಕರ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದದ್ದೇ ತಡ, ರೈಲುಗಳು ಬೇಡವೆಂದು ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಒಂದೆರಡು ದಿನದಲ್ಲಿ ಮಾತು ಹಿಂದಕ್ಕೆ ತೆಗೆದುಕೊಂಡರು. ಆ ದಿನಗಳಲ್ಲಿ ನಿಮ್ಮಲ್ಲಿ ಕೆಲವು ಸಂಘಗಳು ಕೆಲಸದವರಿಗೆ ಮನೆಗೇ ಸಂಬಳ ಕಳಿಸಿ, ದಿನಸಿ ಕಿಟ್ಟು ಹಂಚಿದವು. ಕೆಲವು ಗೇಟು ಹಾಕಿಕೊಂಡವು; ಕೆಲಸಕ್ಕೆ ಬಾರದ ತಿಂಗಳಿಗೆ ಸಂಬಳವೇಕೆ ಅಂದವು. ಒಂದೇ ರಸ್ತೆಯ ಎರಡು ಬದಿಯಲ್ಲಿ ಹೀಗೆ ಬೇರೆ ಬೇರೆ ಆದದ್ದಕ್ಕೆ ಬೇರೆ ಬೇರೆ ಕಾನೂನು ಕಾರಣವಾಗಿರಲಿಲ್ಲ. ಕಮಿಟಿಯಲ್ಲಿ ಆ ದಿನ ಯಾರು ಕೂತಿದ್ದರು ಎನ್ನುವುದು ಕಾರಣವಾಗಿತ್ತು.

ಓಡಾಟದ ವಿಷಯ ಚುಟುಕಾಗಿ. ಬಿಎಂಟಿಸಿಯ ಸುಮಾರು 7 ಸಾವಿರ ಬಸ್ಸುಗಳಲ್ಲಿ ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣ ಸಾಗುತ್ತದೆ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಉಚಿತ ಮಾಡುವ ಶಕ್ತಿ ಯೋಜನೆ ಬಂದಾಗ 'ಸುಮ್ಮನೆ ತಿರುಗಾಡಲು ಬಿಟ್ಟಿ ಟಿಕೆಟ್ಟು' ಎಂಬ ಗೊಣಗಾಟ ನಿಮ್ಮ ಗುಂಪುಗಳಲ್ಲೂ ಕೇಳಿತು. ಎರಡು ಬಸ್ಸು ಬದಲಿಸಿ ನಿಮ್ಮ ಮನೆಗೆ ಬರುವಾಕೆಯ ಸಂಬಳದಲ್ಲಿ ಅದರಿಂದ ತಿಂಗಳಿಗೆ ಎಷ್ಟು ಉಳಿಯಿತು ಎಂದು ಆಕೆಯನ್ನೇ ಕೇಳಿದ್ದರೆ ಗೊಣಗಾಟ ನಿಲ್ಲುತ್ತಿತ್ತು. ಮೆಟ್ರೊ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿದಾಗ ನೀವು ಎತ್ತಿದ ದನಿ ಚೆನ್ನಾಗಿಯೇ ಕೇಳಿಸಿತು. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೇ ಮೀಸಲಾದ ಪಥವೊಂದು ಬಂದಿತ್ತು, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ. ಅದು ಕಣ್ಮರೆಯಾದಾಗ ಅಷ್ಟು ಸದ್ದಾಗಲಿಲ್ಲ. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜಿನ ಸುರಂಗ ರಸ್ತೆಯ ಮಾತು ನಡೆದಿದೆ. ಅದರಿಂದ ಲಾಲ್‌ಬಾಗಿನ ಬಂಡೆ, ಮರಗಳಿಗೆ ಏನಾದೀತು ಎಂದು ನಿಮ್ಮಲ್ಲಿ ಅನೇಕರು ದನಿ ಎತ್ತಿದ್ದೀರಿ. ಅಷ್ಟು ದುಡ್ಡಿಗೆ ಎಷ್ಟು ಬಸ್ಸು ಬರುತ್ತವೆ ಎಂಬ ಪ್ರಶ್ನೆಯನ್ನೂ ಆ ಪ್ರತಿಭಟನೆಯ ಫಲಕದಲ್ಲೇ ಬರೆಯಬಹುದಲ್ಲ?

ಇಷ್ಟು ಓದಿ, ಇವರೆಲ್ಲರಿಗೂ ಒಂದಿಷ್ಟು ದಯೆ ತೋರಿಸಿ ಎಂದು ಈ ಪತ್ರ ಬೇಡುತ್ತಿದೆ ಅಂದುಕೊಳ್ಳಬೇಡಿ. ದುಡಿಯುವವರು ತಮ್ಮದನ್ನು ತಾವೇ ಪಡೆದುಕೊಂಡಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಕಟ್ಟು ಹಾಕಿದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಯನ್ನೇ ತಡೆದರು. ಆ ನಿಯಮ ದಿನ ಒಪ್ಪತ್ತಿನಲ್ಲಿ ವಾಪಸಾಯಿತು. ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕಾಯಂ ನೌಕರಿ ಕೇಳಿದರು. 2025ರ ಮೇ 1ರಂದು 12,692 ಮಂದಿಗೆ ನೇಮಕಾತಿ ಪತ್ರ ಸಿಕ್ಕಿತು. ಗುತ್ತಿಗೆದಾರನ ಕೈ ಕೆಳಗೆ ಹಾಜರಾತಿಗಾಗಿ ಅಂಗಲಾಚುತ್ತಿದ್ದ ಹೆಂಗಸು ಸರ್ಕಾರಿ ಸಂಬಳದ ಚೀಟಿ ಹಿಡಿದರೆ ಅವಳ ಮನೆಯಲ್ಲಿ ಏನೇನು ಬದಲಾಗುತ್ತದೆ! ಮಗಳ ಕಾಲೇಜಿನ ಫೀಸಿನಿಂದ ಹಿಡಿದು ಮೀಟರ್ ಬಡ್ಡಿಯವನ ಭಯದವರೆಗೆ.

ಮನೆಕೆಲಸದವರಿಗೆ ಮಾತ್ರ ಈ ದಾರಿ ಸುಲಭವಲ್ಲ. ಕನಿಷ್ಠ ವೇತನದ ಪಟ್ಟಿಗೆ ಮನೆಕೆಲಸವನ್ನು ಸೇರಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, 2004ರಲ್ಲಿ. ಆದರೆ ಒಂದೊಂದು ಫ್ಲ್ಯಾಟಿನ ಬಾಗಿಲ ಹಿಂದೆ ಒಬ್ಬೊಬ್ಬರೇ ದುಡಿಯುವಾಗ ಆ ಪಟ್ಟಿಯನ್ನು ಯಾರು ಯಾರಿಗೆ ತೋರಿಸುವುದು? ನೂರು ಹೆಂಗಸರು ಒಂದು ಗೇಟಿನೊಳಗೆ ಬರುತ್ತಾರೆ, ನೂರು ಮಾಲೀಕರ ಜೊತೆ ಒಬ್ಬೊಬ್ಬರೇ ಚೌಕಾಸಿ ಮಾಡುತ್ತಾರೆ. ಮಾಲೀಕರಾದರೋ ಒಂದೇ ಗುಂಪಿನಲ್ಲಿದ್ದಾರೆ. 'ನಮ್ಮ ಬ್ಲಾಕಿನಲ್ಲಿ ಪಾತ್ರೆಗೆ ಇಷ್ಟು, ಗುಡಿಸಿ ಒರೆಸಲು ಇಷ್ಟು, ಯಾರೂ ರೇಟು ಕೆಡಿಸಬೇಡಿ' ಎಂಬ ಮೆಸೇಜು ಓದದವರು ನಿಮ್ಮಲ್ಲಿ ಎಷ್ಟು ಜನ? ಒಂದಾಗಿ ರೇಟು ಇಳಿಸಲು ಬರುವುದಾದರೆ ಒಂದಾಗಿ ವಾರಕ್ಕೊಂದು ರಜೆ, ವರ್ಷಕ್ಕೊಂದು ಏರಿಕೆ, ಗೌರಿಹಬ್ಬಕ್ಕೋ ದೀಪಾವಳಿಗೋ ಒಂದು ತಿಂಗಳ ಬೋನಸ್ ಗೊತ್ತುಮಾಡಲೂ ಬರುತ್ತದೆ. ಇದಕ್ಕೆ ಸರ್ಕಾರದ ಅಪ್ಪಣೆ ಬೇಡ.

ಆದ್ದರಿಂದ ಮುಂದಿನ ವಾರ್ಷಿಕ ಸಭೆಯ ಅಜೆಂಡಾದಲ್ಲಿ, ಪಾರ್ಕಿಂಗ್ ಜಗಳಕ್ಕೂ ಈಜುಕೊಳದ ಟೈಲ್ಸಿಗೂ ನಡುವೆ ಎಲ್ಲಾದರೂ, ಕೆಲವು ಮಾತು ಸೇರಿಸಿ. ಕೆಲಸದವರು ಈ ಲಿಫ್ಟ್ ಬಳಸಬಾರದು ಎಂದು ಬಾಗಿಲ ಮೇಲೆ ಹಾಕಿದ ಫಲಕ ತೆಗೆಯುವುದು. ನೆಲಮಹಡಿಯಲ್ಲಿ ಕೆಲಸದವರಿಗೆ, ಸೆಕ್ಯುರಿಟಿಯವರಿಗೆ, ಡೆಲಿವರಿಯವರಿಗೆ ಬಾಗಿಲ ಚಿಲಕ ಸರಿಯಿರುವ ಒಂದು ಶೌಚಾಲಯ, ಫ್ಯಾನು, ಕುಡಿಯುವ ನೀರು. ಗೇಟಿನಲ್ಲಿ ಚೀಲ ನೋಡಲೇಬೇಕು ಎಂದಾದರೆ ಎಲ್ಲರ ಚೀಲ, ಕಾರಿನ ಡಿಕ್ಕಿಯೂ ಸೇರಿ. ಒಂದು ವಾರದಲ್ಲಿ ಆ ಪದ್ಧತಿ ತಾನಾಗಿ ಸಾಯುತ್ತದೆ. ಸೆಕ್ಯುರಿಟಿ ಏಜೆನ್ಸಿಗೆ ನೀವು ಕೊಡುವ ದುಡ್ಡಿನಲ್ಲಿ ಆ ಹುಡುಗನ ಕೈಗೆ ಎಷ್ಟು ಸೇರುತ್ತದೆ, ಇಎಸ್ಐ ಪಿಎಫ್ ಕಟ್ಟುತ್ತಾರೆಯೇ ಎಂದು ರಸೀದಿ ಕೇಳುವುದು. ನಿರ್ವಹಣೆ ಶುಲ್ಕ ಚದರಡಿಗೆ ಹತ್ತಿಪ್ಪತ್ತು ಪೈಸೆ ಹೆಚ್ಚಾದೀತು. ಅದರ ಮೇಲೆ ನಡೆಯುವ ಚರ್ಚೆ ಹೇಗಿರುತ್ತದೆಂದು ಊಹಿಸಬಹುದು, ನಡೆಯಲಿ.

ಕೊನೆಯದು ವಾರ್ಡ್ ಸಮಿತಿಯ ವಿಷಯ. 2016ರ ನಿಯಮಗಳ ಪ್ರಕಾರ ಸಮಿತಿಯ ಹತ್ತು ಸದಸ್ಯರಲ್ಲಿ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಪಂಗಡದವರು ಇರಬೇಕಿತ್ತು. ನಿವಾಸಿ ಸಂಘಗಳಿಗೂ ಎರಡು ಸ್ಥಾನ ಗೊತ್ತಾಗಿತ್ತು. ಬೀದಿ ವ್ಯಾಪಾರಿಗಳ ಸಂಘಕ್ಕಾಗಲಿ ಮನೆಕೆಲಸದವರ ಒಕ್ಕೂಟಕ್ಕಾಗಲಿ ಅಂಥದೊಂದು ಕುರ್ಚಿ ಇರಲಿಲ್ಲ. ಐದು ಪಾಲಿಕೆಗಳ ಕಾಲದಲ್ಲಿ ಸಮಿತಿಗಳು ಹೊಸದಾಗಿ ಕಣ್ಣು ಬಿಡುವಾಗ ಆ ಕುರ್ಚಿಯನ್ನು ಅವರು ಕೇಳಿದರೆ ಕಡತ ಸೇರಬಹುದು; ನೀವು ಕೇಳಿದರೆ ಕಡತ ಮೇಜಿನ ಮೇಲೆ ಬರುತ್ತದೆ. ಸಭೆಯ ಹೊತ್ತಿನ ಬಗ್ಗೆಯೂ ಒಂದು ಮಾತು. ತಿಂಗಳ ಮೊದಲ ಶನಿವಾರ ಎಂದು ರೂಢಿಯಾಗಿತ್ತು. ಶನಿವಾರ ಬೆಳಿಗ್ಗೆ ನಿಮಗೆ ರಜೆ. ನಿಮ್ಮ ಮನೆಗಳಲ್ಲಿ ಕೆಲಸ ಮಾಡುವವರಿಗೆ ಅದು ವಾರದ ಅತಿ ದೊಡ್ಡ ಪಾಳಿ, ಮನೆಯವರೆಲ್ಲ ಇರುತ್ತಾರೆ, ನೆಂಟರೂ ಬಂದಿರುತ್ತಾರೆ. ಸಭೆಯನ್ನು ಸಂಜೆ ಏಳಕ್ಕೆ ಇಟ್ಟರೆ ಅವರೂ ಬಂದು ಕೂರಬಹುದು. ಪಾರ್ಕು ಹೇಗೂ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ.

ಇತಿ,

ಸಂಘದ ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲದ ಒಬ್ಬ ಬಾಡಿಗೆದಾರ
ಬೆಂಗಳೂರು